ಮೈಕ್ರೋಸ್ವಿಚ್, ಪ್ರಾಕ್ಸಿಮಿಟಿ, ಆಪ್ಟಿಕಲ್: ಭೋಸರಿಯ ನಮ್ಮ ರೌಟರ್‌ಗೆ ಮೂರನ್ನೂ ಹಾಕಿ ನೋಡಿದೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಒಳಗೆ ಒಂದು ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಷಿನ್, 900 ಬೈ 600 ಮಿಮೀ ಬೆಡ್, ಅದನ್ನು ನಡೆಸೋದು ಆರ್ಡುಯಿನೋ ಬೋರ್ಡ್ ಮೇಲಿನ ಜಿಆರ್‌ಬಿಎಲ್ 1.1 ಸಾಫ್ಟ್‌ವೇರ್. ನಾನೂ ಇಂಡಿ ಕಡೆಯ ನಮ್ಮ ಹುಡುಗನೂ ಸೇರಿ ಕೂಡಿಸಿದ್ದು. ಎಂಡಿಎಫ್ ಜಾಲರಿ, ದೇವರ ಮನೆ ಬಾಗಿಲು, ನಾಮಫಲಕ, ಇಂಥವೇ ಕೆಲಸ. ಹೋದ ಮಳೆಗಾಲದಲ್ಲಿ ಇದರ ಹೋಮಿಂಗ್‌ಗೆ, ಅಂದರೆ ಮೂಲೆಯ ಸ್ವಿಚ್ ಹಿಡಿದು ತನ್ನ ಸೊನ್ನೆ ಜಾಗ ಹುಡುಕಿಕೊಳ್ಳುವ ಕೆಲಸಕ್ಕೆ, ಹುಚ್ಚು ಹಿಡಿಯಿತು. ಒಂದು ದಿನ ಸುಮ್ನೆ ಮೂಲೆಗೆ ಹೋಗಿ ನಿಲ್ಲುತ್ತಿತ್ತು, ಮರುದಿನ ಹೋಗಿ ಡಿಕ್ಕಿ ಹೊಡೆದು ಕಟಕಟ ಅಂತ ಹಲ್ಲು ಕಡಿಯುತ್ತಿತ್ತು. ನಮ್ಮ ಸ್ಟೆಪ್ಪರ್ ಮೋಟರ್‌ಗೆ ತಾನೆಲ್ಲಿದ್ದೇನೆ ಅನ್ನೋದೇ ಗೊತ್ತಿರಲ್ಲ, ಸ್ವಿಚ್ ಹೇಳಿದರೆ ನಿಲ್ಲುತ್ತೆ, ಇಲ್ಲದಿದ್ದರೆ ಗೋಡೆಯನ್ನೂ ತಳ್ಳುತ್ತೆ.

ಪಕ್ಕದ ಶೆಡ್‌ನ ಎಲೆಕ್ಟ್ರಿಷಿಯನ್ ಮೊದಲ ದಿನವೇ ಮರಾಠಿಯಲ್ಲಿ ಹೇಳಿದ್ದ, 'ಆಧಿ ವಾಯರ್ ಬಘಾ', ಮೊದಲು ವಯರ್ ನೋಡಿ ಅಂತ. ನಾನು ಕೇಳಲಿಲ್ಲ. ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಪಕೀರ್ ಗಲ್ಲಿಗೆ ಹೋಗಿ ಸ್ವಿಚ್ ಮೇಲೆ ಸ್ವಿಚ್ ತಂದೆ.

ಮೊದಲಿನಿಂದ ಇದ್ದದ್ದು ರೋಲರ್ ಇರುವ ಮೈಕ್ರೋಸ್ವಿಚ್. ಬಿಚ್ಚಿ ನೋಡಿದರೆ ಎಂಡಿಎಫ್ ಧೂಳು, ಮಳೆಗಾಲದ ತೇವ ಎರಡೂ ಸೇರಿ ಲಿವರ್ ಬುಡದಲ್ಲಿ ಕಲಸಿದ ಹಿಟ್ಟಿನ ಹಾಗೆ ಕೂತಿತ್ತು. ಬೆರಳಿಂದ ಒತ್ತಿದರೆ ಆ ಚಂದದ ಟಕ್ ಶಬ್ದವಿಲ್ಲ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಒತ್ತಿ ಬಿಟ್ಟರೆ, ಲಿವರ್ ಅರ್ಧ ಮೇಲೆ ಬಂದು ಯೋಚನೆ ಮಾಡಿ ಆಮೇಲೆ ಬಿಡುತ್ತಿತ್ತು. ಜಿಆರ್‌ಬಿಎಲ್ ಅಲಾರಂ 8 ತೋರಿಸುತ್ತಿದ್ದದ್ದು ಇದಕ್ಕೇ. ಅಂದರೆ ಸ್ವಿಚ್ ಮುಟ್ಟಿ ಹಿಂದೆ ಸರಿದರೂ ಸ್ವಿಚ್ ಬಿಟ್ಟಿಲ್ಲ ಅಂತ. ಹಿಂದೆ ಸರಿಯುವ ದೂರ, ಜಿಆರ್‌ಬಿಎಲ್‌ನ $27 ಸೆಟ್ಟಿಂಗ್ (ಬಾಯಲ್ಲಿ ಡಾಲರ್ 27), ಮೊದಲಿಗೆ ಬರೀ 1 ಮಿಮೀ ಇರುತ್ತೆ. 3 ಮಾಡಿದೆ, ಅಲಾರಂ ನಿಂತಿತು, ಧೂಳು ನಿಲ್ಲಲಿಲ್ಲ. ಆದರೂ ಮೈಕ್ರೋಸ್ವಿಚ್‌ನ ಒಂದು ಗುಣ ಮೆಚ್ಚಲೇಬೇಕು. ಕರೆಂಟ್ ಬೇಡ, ಎರಡೇ ವಯರ್, ಕೆಟ್ಟರೆ ಐದು ನಿಮಿಷದಲ್ಲಿ ಬದಲಿ.

ಆಮೇಲೆ ಇಂಡಕ್ಟಿವ್ ಪ್ರಾಕ್ಸಿಮಿಟಿ, ಲೋಹ ಹತ್ತಿರ ಬಂದರೆ ಮುಟ್ಟದೆಯೇ ಹಿಡಿಯುವ ಸೆನ್ಸರ್, ಎಲ್ಲ ಕಡೆ ಸಿಗುವ ಎಲ್‌ಜೆ12ಎ3. ಮೊದಲ ದಿನ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಅದಕ್ಕೆ 6ರಿಂದ 36 ವೋಲ್ಟ್ ಬೇಕು, ನಾನು ಆರ್ಡುಯಿನೋದ 5 ವೋಲ್ಟ್ ಕೊಟ್ಟೆ. ಒಮ್ಮೆ ಹಿಡಿಯುತ್ತೆ, ಒಮ್ಮೆ ಇಲ್ಲ. ಬೈದು ಬೈದು ಸಾಕಾಗಿ ಡಬ್ಬಿ ಮೇಲಿನ ಚೀಟಿ ಓದಿದಾಗ ಗೊತ್ತಾಯ್ತು. ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. 24 ವೋಲ್ಟ್ ಕೊಟ್ಟೆ, ಕಪ್ಪು ವಯರನ್ನು ಆಪ್ಟೋಕಪ್ಲರ್ (ಸಿಗ್ನಲನ್ನು ಬೆಳಕಿನಿಂದ ದಾಟಿಸಿ ಎರಡೂ ಕಡೆಯ ವೋಲ್ಟೇಜ್ ಬೇರೆ ಬೇರೆ ಇಡುವ ಬಿಡಿಭಾಗ) ದಾಟಿಸಿ ತಂದೆ. ನೇರ ಕೊಟ್ಟರೆ ಆ ವಯರ್‌ನಲ್ಲಿ ಸಪ್ಲೈ ವೋಲ್ಟೇಜ್ ಬಂದು ಬೋರ್ಡ್ ಸುಡುವ ಸಾಧ್ಯತೆ ಇದೆ. ಎರಡನೇ ತಪ್ಪು, ಎದುರಿಗೆ ಅಲ್ಯೂಮಿನಿಯಂ ಪಟ್ಟಿ ಇಟ್ಟಿದ್ದೆ. 4 ಮಿಮೀ ದೂರ ಅನ್ನೋದು ಕಬ್ಬಿಣದ ಲೆಕ್ಕ, ಅಲ್ಯೂಮಿನಿಯಂ ಆದರೆ ಅದರ ಅರ್ಧವೂ ಸಿಗಲ್ಲ. ಪಟ್ಟಿ ತೆಗೆದು ಕಬ್ಬಿಣದ ಬೋಲ್ಟ್ ಹಾಕಿದೆ. ಅಲ್ಲಿಂದ ಮುಂದೆ ಮರದ ಧೂಳಿಗೆ ಅದು ಕ್ಯಾರೇ ಅನ್ನಲಿಲ್ಲ.

ಆದರೂ ಎಕ್ಸ್ ದಿಕ್ಕಿನಲ್ಲಿ ಡಿಕ್ಕಿ ಹೊಡೆಯೋದು ನಿಲ್ಲಲಿಲ್ಲ! ಆಗ ಪಾನಾ ಹಿಡಿದು ಕೂತೆ. ಸೆನ್ಸರ್ ಮುಂದೆ ಪಾನಾ ತಂದರೆ ಹಿಂದಿನ ಕೆಂಪು ದೀಪ ಹತ್ತುತ್ತೆ, ಕಂಪ್ಯೂಟರ್‌ನಲ್ಲಿ ? ಒತ್ತಿದರೆ ಬರುವ ಸಾಲಿನಲ್ಲಿ ಪಿಎನ್ (Pn) ಪಕ್ಕದಲ್ಲಿ ಎಕ್ಸ್ ಅಕ್ಷರ ಬರಬೇಕು. ಮೂಲೆಯಲ್ಲಿ ಬಂತು. ಗ್ಯಾಂಟ್ರಿಯನ್ನು, ಅಂದರೆ ಕೊರೆಯುವ ಮೋಟರ್ ಹೊತ್ತು ಓಡಾಡುವ ಕಮಾನನ್ನು, ಕೈಯಿಂದ ನಿಧಾನ ತಳ್ಳುತ್ತಾ ಹೋದೆ, ನಡುವಿನಲ್ಲಿ ದೀಪ ಹತ್ತೇ ಇದೆ, ಅಕ್ಷರ ಮಾಯ. ಕೇಬಲ್ ಚೈನ್ ಮಡಚುವ ಜಾಗದಲ್ಲಿ ಪ್ಲಾಸ್ಟಿಕ್ ಚೆನ್ನಾಗಿದೆ, ಒಳಗಿನ ತಾಮ್ರ ಮುರಿದಿದೆ. ಪಕ್ಕದ ಶೆಡ್‌ನವನ ಮುಖ ಹೇಗೆ ನೋಡೋದು ಹೇಳಿ.

ಇದರಿಂದ ಎನ್‌ಒ (ಒತ್ತದಾಗ ಸರ್ಕ್ಯೂಟ್ ತೆರೆದಿರುವ ಸ್ವಿಚ್) ಮತ್ತು ಎನ್‌ಸಿ (ಒತ್ತದಾಗ ಮುಚ್ಚಿರುವ ಸ್ವಿಚ್) ಜಗಳವೂ ನನಗೆ ಮುಗಿಯಿತು. ಎನ್‌ಒ ಆದರೆ ಮುರಿದ ವಯರ್ ಮತ್ತು ಇನ್ನೂ ಮುಟ್ಟದ ಸ್ವಿಚ್ ಎರಡೂ ಮಷಿನ್‌ಗೆ ಒಂದೇ. ಎನ್‌ಸಿ ಆದರೆ ವಯರ್ ಮುರಿದ ಕ್ಷಣವೇ ಕೂಗುತ್ತೆ. ಪ್ರಾಕ್ಸಿಮಿಟಿ ಕೊಳ್ಳುವಾಗ ಮಾಡೆಲ್ ಹೆಸರಿನ ಕೊನೆಯಲ್ಲಿ ಬಿಎಕ್ಸ್ ಅಂದರೆ ಎನ್‌ಒ, ಎಎಕ್ಸ್ ಅಂದರೆ ಎನ್‌ಸಿ. ಅಂಗಡಿಯವರು ಕೇಳದೆ ಬಿಎಕ್ಸ್ ಕೊಡುತ್ತಾರೆ, ಕೇಳಿ ತಗೊಳ್ಳಿ. ಎನ್‌ಸಿಗೆ ಸ್ವಿಚ್ ಸಿಗ್ನಲನ್ನು ಉಲ್ಟಾ ಓದಿಸುವ ಡಾಲರ್ 5 ಅನ್ನು 1 ಮಾಡಬೇಕು, ಅದು ಮೂರೂ ಆಕ್ಸಿಸ್‌ಗೆ ಒಟ್ಟಿಗೇ ಅನ್ವಯ, ಹಾಗಾಗಿ ಒಂದು ಎನ್‌ಒ ಇನ್ನೊಂದು ಎನ್‌ಸಿ ಅಂತ ಕಲಬೆರಕೆ ಮಾಡಿದರೆ ಏಗೋಕಾಗಲ್ಲ.

ಆಪ್ಟಿಕಲ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅದರ ಸಂದಿಯಲ್ಲಿ ಬೆಳಕು ಹಾಯುತ್ತಿರುತ್ತೆ, ಪಟ್ಟಿಯೊಂದು ಒಳಗೆ ಬಂದು ಬೆಳಕು ತಡೆದರೆ ಸ್ವಿಚ್ ಒತ್ತಿದ ಲೆಕ್ಕ. ಡಯಲ್ ಗೇಜ್ ಇಟ್ಟು ಹತ್ತು ಸಲ ಹೋಮ್ ಮಾಡಿ ನೋಡಿದಾಗ ಮುಳ್ಳು ಅಲ್ಲಾಡಿದ್ದೇ ಕಾಣಲಿಲ್ಲ, ಉಳಿದ ಎರಡರಲ್ಲಿ ಎರಡು ಮೂರು ಗೆರೆ ಹಿಂದೆ ಮುಂದೆ ಆಗುತ್ತಿತ್ತು. ಆದರೆ ಸಂದಿಯಲ್ಲಿ ಧೂಳು ತುಂಬಿದರೆ ಸದಾ ಒತ್ತಿದ ಹಾಗೆ. ಸಂಜೆ ಪಡುವಣ ಬಾಗಿಲಿಂದ ಬಿಸಿಲು ನೇರ ಬಿದ್ದರೆ ಉಲ್ಟಾ, ಪಟ್ಟಿ ಒಳಗೆ ಬಂದರೂ ಬೆಳಕಿದೆ ಅಂದುಕೊಂಡು ಸುಮ್ಮನಿರುತ್ತೆ. ಎರಡು ವಾರಕ್ಕೆ ತೆಗೆದೆ. ಧೂಳಿಲ್ಲದ ಕೋಣೆಯಲ್ಲಿ ಪಿಸಿಬಿ ಕೊರೆಯೋರಿಗೆ ಇದೇ ಒಳ್ಳೆಯದು.

ಇನ್ನೊಂದು ಕಾಟ, ಸ್ಪಿಂಡಲ್‌ನ (ಕೊರೆಯುವ ಮೋಟರ್‌ನ) ವೇಗ ನಿಯಂತ್ರಿಸುವ ವಿಎಫ್‌ಡಿ, ಅದರಿಂದ ಬರುವ ವಿದ್ಯುತ್ ಗದ್ದಲ. ಹೋಮಿಂಗ್ ಸರಿ, ಸ್ಪಿಂಡಲ್ ಆನ್ ಮಾಡಿ ಕೊರೆಯುತ್ತಾ ಇದ್ದರೆ ನಡುವೆಯೇ ಅಲಾರಂ 1, ಅಂದರೆ ಹಾರ್ಡ್ ಲಿಮಿಟ್, ಕೆಲಸದ ನಡುವೆ ಸ್ವಿಚ್ ಒತ್ತಿತು ಅಂತ ಮಷಿನ್ ನಿಲ್ಲಿಸೋದು. ಸ್ವಿಚ್ ಸಿಗ್ನಲ್ ಸ್ಥಿರವಾಗಲು ಕಾಯುವ ಸಮಯ, ಡಾಲರ್ 26, ಹೆಚ್ಚಿಸಿ ಅಂತ ಬಹಳ ಜನ ಹೇಳುತ್ತಾರೆ, ನಾನೂ ಮಾಡಿದೆ, ಉಪಯೋಗ ಸೊನ್ನೆ. ಅದು ಹೋಮಿಂಗ್ ವೇಳೆಗೆ ಮಾತ್ರ, ಹಾರ್ಡ್ ಲಿಮಿಟ್‌ಗೆ ಸಂಬಂಧವೇ ಇಲ್ಲ. ಇಲ್ಲಿ 24 ವೋಲ್ಟ್ ಮತ್ತು ಆಪ್ಟೋಕಪ್ಲರ್ ಇದ್ದ ಪ್ರಾಕ್ಸಿಮಿಟಿ ಗೆದ್ದಿತು, ಉದ್ದ ವಯರ್‌ನ ಮೈಕ್ರೋಸ್ವಿಚ್ ಸೋತಿತು. ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಿ, ಸ್ಪಿಂಡಲ್ ವಯರ್‌ನಿಂದ ದೂರ ಎಳೆದ ಮೇಲೆ ಅದೂ ಸುಧಾರಿಸಿತು.

ಸ್ವಿಚ್ ಮೇಲೆ ಸುಳ್ಳು ಆರೋಪ ಹೊರಿಸಿದ್ದೂ ಇದೆ. ಒಂದು ಗುರುವಾರ, ನಮ್ಮ ವಾರದ ರಜೆ, ಬೋರ್ಡ್ ಸೆಟ್ಟಿಂಗ್ ರಿಸೆಟ್ ಮಾಡಿ ಕೂತೆ. ಹೋಮ್ ಕೊಟ್ಟರೆ ಎಕ್ಸ್ 300 ಮಿಮೀ ಹೋಗಿ ನಡುದಾರಿಯಲ್ಲಿ ನಿಂತು ಅಲಾರಂ 9, ಅಂದರೆ ಸ್ವಿಚ್ ಸಿಗಲಿಲ್ಲ ಅಂತ. ಸಂಜೆವರೆಗೂ ಸೆನ್ಸರ್ ಬಿಚ್ಚಿ ಹಾಕಿದೆ. ಜಿಆರ್‌ಬಿಎಲ್ ಸ್ವಿಚ್ ಹುಡುಕೋದು ಡಾಲರ್ 130ರಲ್ಲಿ ಬರೆದ ಎಕ್ಸ್ ಉದ್ದದ ಒಂದೂವರೆ ಪಟ್ಟು ಮಾತ್ರ, ರಿಸೆಟ್ ಆದಾಗ ಅದು 200ಕ್ಕೆ ಹೋಗಿತ್ತು. 900 ಬರೆದೆ, ಮುಗೀತು.

ಈಗ ಎಕ್ಸ್, ವೈ ಎರಡಕ್ಕೂ ಎಎಕ್ಸ್ ಪ್ರಾಕ್ಸಿಮಿಟಿ. ಝಡ್ ಮೇಲೆ ಧೂಳು ಕಮ್ಮಿ, ಜಾಗವೂ ಇಲ್ಲ, ಅಲ್ಲಿ ಎನ್‌ಸಿ ಮೈಕ್ರೋಸ್ವಿಚ್ ಸಾಕು. ಅದನ್ನು ವಾರಕ್ಕೊಮ್ಮೆ ಬ್ರಷ್‌ನಿಂದ ಉಜ್ಜೋದು ಹುಡುಗನ ಕೆಲಸ. ಡ್ರಾಯರ್‌ನಲ್ಲಿ ವಯರ್ ಬೆಸೆದಿಟ್ಟ ಎರಡು ಮೈಕ್ರೋಸ್ವಿಚ್ ಯಾವಾಗಲೂ ಇರುತ್ತವೆ. ಅರ್ಜೆಂಟ್ ಆರ್ಡರ್ ನಡುವೆ ಪ್ರಾಕ್ಸಿಮಿಟಿ ಕೈಕೊಟ್ಟರೆ ಆ ಹೊತ್ತಿಗೆ ತಪಕೀರ್ ಗಲ್ಲಿಗೆ ಓಡೋರು ಯಾರು?