ಸ್ಟೀಮ್ ಟ್ರ್ಯಾಕ್ಷನ್ ಎಂಜಿನ್ ಮಾದರಿಗೆ ಗುಜರಿ ಸಾಮಾನು: ಯಾವುದು ಆಗುತ್ತೆ, ಯಾವುದು ಆಗಲ್ಲ

ಉಗಿಯ ಬಲದಲ್ಲಿ ತಾನೇ ನಡೆದು ಗಾಡಿ ಎಳೆಯುವ ಹಳೇ ಕಾಲದ ಸ್ಟೀಮ್ ಟ್ರ್ಯಾಕ್ಷನ್ ಎಂಜಿನ್ನಿನ ಚಿಕ್ಕ ಮಾದರಿಯನ್ನು ಗುಜರಿ ಸಾಮಾನಿನಲ್ಲಿ ಮಾಡುವವರಿಗೆ ಈ ಮಾತು. ಚಿಕ್ಕಮಗಳೂರಿನ ಗುಜರಿಗಳಲ್ಲಿ ಹಳೇ ಹಿತ್ತಾಳೆ ಸ್ಪ್ರೇಯರ್‌ಗೆ ಬರವಿಲ್ಲ. ಕಾಫಿ ತೋಟದಲ್ಲಿ ವರ್ಷಗಟ್ಟಲೆ ಬೋರ್ಡೋ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆದು ಬಂದ ಮಾಲು. ಅದರ ಟ್ಯಾಂಕ್ ನೋಡಿದ ತಕ್ಷಣ ಎಲ್ಲರಿಗೂ ಅನಿಸುವುದು ಒಂದೇ, ಬಾಯ್ಲರ್ ರೆಡಿ ಇದೆಯಲ್ವಾ ಅಂತ. ಇಲ್ಲ. ಬಿಸಿನೀರಿನಲ್ಲಿ ಹಿತ್ತಾಳೆಯ ಸತು ನಿಧಾನಕ್ಕೆ ಬಿಟ್ಟುಹೋಗಿ ಟೊಳ್ಳು ತಾಮ್ರ ಉಳಿಯುತ್ತದೆ. ನಾನು ಪ್ರಯೋಗಕ್ಕೆ ಕುದಿಸುತ್ತಿದ್ದ ಟ್ಯಾಂಕಿನ ತಳ ಕತ್ತರಿಸಿ ನೋಡಿದರೆ ಒಳಮೈ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಬಗ್ಗಿಸಿದರೆ ಬಿಸ್ಕತ್ತಿನ ಹಾಗೆ ಮುರಿಯಿತು.

ತಾಮ್ರದ ಪೈಪ್ ಗುಜರಿಯಲ್ಲೂ ದುಬಾರಿ. ಆದರೂ ಬಾಯ್ಲರ್‌ಗೆ ಅದೇ ಬೇಕು.

ಬೆಸುಗೆಯ ಕಥೆಯೂ ಹಾಗೇ. ಸೀಸ-ತವರದ ಬೆಸುಗೆ ಅಗ್ಗ, ಮನೆಯಲ್ಲೇ ಮಾಡಬಹುದು. ಆದರೆ ಅದು 183 ಡಿಗ್ರಿಗೇ ಕರಗಲು ಶುರು, 3 ಬಾರ್ ಒತ್ತಡದ ಉಗಿಯೇ 144 ಡಿಗ್ರಿ ಹತ್ತಿರ ಇರುತ್ತದೆ, ನೀರು ಇಳಿದು ತಳ ಒಣಗಿತೋ ಜಾಯಿಂಟ್ ಬಿಟ್ಟ ಹಾಗೇ. ಬೆಳ್ಳಿ ಬೆಸುಗೆ ಕರಗಲು 600 ಡಿಗ್ರಿ ದಾಟಬೇಕು, ಅದನ್ನೇ ಬಳಸಿ. ಫ್ರಿಜ್ ರಿಪೇರಿಯವರ ಹತ್ತಿರ ಸಿಗುವ, ರಂಜಕ ಬೆರೆತ ತಾಮ್ರದ ಬೆಸುಗೆ ಕಡ್ಡಿ ಬೇಡ, ಕಲ್ಲಿದ್ದಲ ಹೊಗೆಯ ಗಂಧಕ ಅದನ್ನು ತಿಂದುಹಾಕುತ್ತದೆ. ಬೆಂಕಿ ಹಚ್ಚುವ ಮೊದಲು ಗಾಳಿ ಉಳಿಯದಂತೆ ತಣ್ಣೀರು ತುಂಬಿಸಿ, ಓಡಿಸುವ ಒತ್ತಡದ ಎರಡು ಪಟ್ಟು ಕೊಟ್ಟು ನೋಡಿ. ಸೇಫ್ಟಿ ವಾಲ್ವ್ ಮಾತ್ರ ಹೊಸದೇ ತನ್ನಿ.

ಆದರೆ ಅದೇ ಸ್ಪ್ರೇಯರ್‌ನ ಪಂಪ್ ಬ್ಯಾರೆಲ್ ಬಿಸಾಡಬೇಡಿ. ಒಳಗೆ ಕನ್ನಡಿ ನುಣುಪು, ನೀರು ಅಲ್ಲಿ ನಿಂತು ಕುದಿಯುವುದಿಲ್ಲ. ಒಳ್ಳೇ ಸಿಲಿಂಡರ್ ಆಗುತ್ತದೆ. ಮೊದಲು ಅದನ್ನು ತೂಗಾಡುವ ಸಿಲಿಂಡರ್ ಮಾಡಿ ಕೂರಿಸಿದ್ದೆ. ಸಿಲಿಂಡರೇ ಆಚೀಚೆ ಆಡುತ್ತಾ ತನ್ನ ತೂತನ್ನು ತಾನೇ ತೆರೆದು ಮುಚ್ಚುತ್ತದೆ, ಬೇರೆ ವಾಲ್ವ್ ಬೇಡ. ಮೇಜಿನ ಮೇಲೆ ಸೊಗಸಾಗಿ ಓಡಿತು. ಭಾರ ಹಾಕಿ ಒತ್ತಡ ಏರಿಸಿದರೆ ಮಾತ್ರ ಸಿಲಿಂಡರನ್ನು ಒತ್ತಿ ಹಿಡಿದಿರುವ ಸ್ಪ್ರಿಂಗ್ ಸೋತು ಪಕ್ಕದಿಂದ ಉಸ್ಸಂತ ಉಗಿ ಸೋರುತ್ತದೆ. ಇನ್ನೊಂದು ದಾರಿ ಸ್ಲೈಡ್ ವಾಲ್ವ್, ಅಂದರೆ ಜಾರುತ್ತಾ ಉಗಿಯ ತೂತು ತೆರೆದು ಮುಚ್ಚುವ ಬೇರೆ ವಾಲ್ವ್. ಇದನ್ನು ಹೊಂದಿಸುವುದು ತಲೆನೋವು, ಅದನ್ನು ಆಡಿಸುವ ಓರೆ-ನಡುವಿನ ಬಿಲ್ಲೆ (ಎಕ್ಸೆಂಟ್ರಿಕ್) ಒಂದು ಕೂದಲೆಳೆ ತಿರುಗಿದರೂ ಎಂಜಿನ್ ಮುನಿಸಿಕೊಳ್ಳುತ್ತದೆ. ಆದರೆ ಸ್ಟ್ರೋಕ್ ಮುಗಿಯುವ ಮೊದಲೇ ಉಗಿ ಕಟ್ ಆಗಿ, ಉಳಿದ ದಾರಿಯನ್ನು ಅದು ಹಿಗ್ಗುತ್ತಲೇ ತಳ್ಳುತ್ತದೆ, ನೀರು ಉಳಿಯುತ್ತದೆ. ಗಾಡಿ ಎಳೆಯಬೇಕು ಅಂದರೆ ಇದೇ. ಸುಮ್ನೆ ಮಕ್ಕಳಿಗೆ ತೋರಿಸಲು ಮೊದಲನೆಯದು ಸಾಕು.

ಚಕ್ರಕ್ಕೆ ಬೋರ್‌ವೆಲ್ ಕೇಸಿಂಗ್ ಪೈಪಿನ ತುಂಡು, ಓಟ ಏಕರೀತಿ ಇಡುವ ಫ್ಲೈವೀಲ್‌ಗೆ ಹೊಲಿಗೆ ಮಿಷನ್ನಿನ ಚಕ್ರ. ಇದರಲ್ಲಿ ಯೋಚಿಸುವುದೇನಿಲ್ಲ.

ಎಂಜಿನ್ನಿನಿಂದ ಚಕ್ರ ತಿರುಗಿಸಲು ಚೈನ್ ಹಾಕುವುದಾ, ಗೇರ್ ಹಾಕುವುದಾ? ಇಂಗ್ಲೆಂಡಿನ ಥಾಮಸ್ ಏವ್ಲಿಂಗ್ 1859ರಲ್ಲಿ, ಕುದುರೆ ಕಟ್ಟಿ ಎಳೆದೊಯ್ಯಬೇಕಿದ್ದ ಉಗಿ ಎಂಜಿನ್ನನ್ನು ತಾನೇ ನಡೆಯುವಂತೆ ಮಾಡಿದ್ದು ಚೈನ್ ಹಾಕಿಯೇ. ಹಳೇ ಮೊಪೆಡ್ ಚೈನ್ ಅಗ್ಗ, ಅಳತೆ ಸ್ವಲ್ಪ ತಪ್ಪಿದರೂ ನಡೆಯುತ್ತದೆ. ಗೇರ್ ನೋಡಲು ಚೆಂದ, ಆದರೆ ಗುಜರಿಯಲ್ಲಿ ಹಲ್ಲು ಹೊಂದುವ ಜೋಡಿ ಸಿಗುವುದು ಅಪರೂಪ. ನಾನು ಚೈನಿನಲ್ಲೇ ಇದ್ದೇನೆ.