ಗೆರೆ ಎಳೆಯೋದು ಗೊತ್ತು, ಕಾರಣ ಹೇಳೋದು ಗೊತ್ತಿಲ್ಲ: ಇಂಗ್ಲಿಷ್ ವ್ಯಾಕರಣ ತಿದ್ದುವ ಒಂದು ತಂತ್ರಾಂಶದ ಜೊತೆ ಹತ್ತು ತಿಂಗಳು

"ಶುಕ್ರವಾರದೊಳಗೆ ಎಲ್ಲರೂ ರಾಜೀನಾಮೆ ಕೊಡಿ" ಅಂತ ನಮ್ಮ ತಂಡದ ಆರು ಜನಕ್ಕೆ ಮೇಲ್ ಕಳಿಸಿದ್ದೆ. ಕಳಿಸಬೇಕಾಗಿದ್ದದ್ದು "ಮತ್ತೊಮ್ಮೆ ಸಹಿ ಹಾಕಿ" ಅಂತ. ಇಂಗ್ಲಿಷಿನಲ್ಲಿ ಈ ಎರಡರ ನಡುವೆ ಇರೋದು ಒಂದೇ ಒಂದು ಹೈಫನ್. 'ರಿ' ಆದ ಮೇಲೆ ಹೈಫನ್ ಹಾಕಿ 'ಸೈನ್' ಅಂದರೆ ಮತ್ತೆ ಸಹಿ. ಹೈಫನ್ ಕಿತ್ತರೆ ರಿಸೈನ್. ಕಿತ್ತದ್ದು ತಂತ್ರಾಂಶ. ಓದದೆ ಸರಿ ಅಂದದ್ದು ನಾನು. ಹತ್ತು ನಿಮಿಷಕ್ಕೆ ತಂಡದಲ್ಲಿ ಎಲ್ಲರಿಗಿಂತ ಚಿಕ್ಕ ಹುಡುಗ ಬಂದು ಮೇಜಿನ ಪಕ್ಕ ನಿಂತ. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಮೇಡಂ?"

ಯಂತ್ರಗಳ ಜೊತೆ ಕೊಡುವ ಇಂಗ್ಲಿಷ್ ಕೈಪಿಡಿಗಳನ್ನು ತಿದ್ದುವುದು ನನ್ನ ಕೆಲಸ. ಹನ್ನೊಂದು ವರ್ಷವಾಯಿತು. ಈ ತಂತ್ರಾಂಶವನ್ನು ಹತ್ತು ತಿಂಗಳಿಂದ ದಿನಾ ಬಳಸುತ್ತಿದ್ದೇನೆ, ಹಣ ಕೊಟ್ಟು ತಗೊಳ್ಳುವ ಆವೃತ್ತಿಯನ್ನೇ. ಹೆಸರು ಹೇಳುವುದಿಲ್ಲ. ನಾನು ಪರೀಕ್ಷೆ ಮಾಡಿದ ಇನ್ನೆರಡು ತಂತ್ರಾಂಶಗಳೂ ಹೆಚ್ಚುಕಡಿಮೆ ಹೀಗೇ ಇವೆ. ಇದೊಂದನ್ನೇ ಹಿಡಿದು ಬಡಿಯುವುದು ನ್ಯಾಯ ಅಲ್ಲ.

ಮೊದಲು ಒಳ್ಳೆಯದು. ಒಂದೇ ಪದ ಎರಡು ಸಲ ಬಂದರೆ ಹಿಡಿಯುತ್ತದೆ. ಸಾಲಿನ ಕೊನೆಯಲ್ಲೊಂದು 'ದ', ಮುಂದಿನ ಸಾಲಿನ ಶುರುವಿನಲ್ಲೊಂದು 'ದ' ಇದ್ದರೆ ಮನುಷ್ಯರ ಕಣ್ಣು ಜಾರಿಬಿಡುತ್ತದೆ, ಇದು ಜಾರುವುದಿಲ್ಲ. ತೆರೆದ ಬ್ರಾಕೆಟ್ ಮುಚ್ಚದಿದ್ದರೆ ಹೇಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, 'ಇಟ್ಸ್' ತಪ್ಪಿದರೆ ಬಿಡುವುದಿಲ್ಲ. 'ಅದರ' ಅನ್ನುವ ಇಟ್ಸ್‌ಗೆ ಅಪಾಸ್ಟ್ರಫಿ (ಅಕ್ಷರದ ಮೇಲ್ಗಡೆ ಹಾಕುವ ಪುಟ್ಟ ಕೊಕ್ಕೆ) ಇಲ್ಲ, 'ಅದು ಆಗಿದೆ' ಅನ್ನುವ ಇಟ್ಸ್‌ಗೆ ಇದೆ. (ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಎಷ್ಟು ನೆಮ್ಮದಿ.) ಒಂದು ಪಂಪಿನ ಕೈಪಿಡಿ 84 ಪುಟ ಇತ್ತು. ನಾನು ಎರಡು ಸಲ ಓದಿ ಮುಗಿಸಿದ ಮೇಲೂ ಅದರಲ್ಲಿ ಒಂಬತ್ತು ತಪ್ಪು ಇಟ್ಸ್ ಸಿಕ್ಕಿದವು. ಅವತ್ತು ನಿಜಕ್ಕೂ ಕೈ ಮುಗಿದೆ.

ಅಪಾಸ್ಟ್ರಫಿ ಕಂಡರೆ ನನಗೆ ಮೊದಲಿಂದಲೂ ಸಿಡಿಮಿಡಿ. ಬಹುವಚನಕ್ಕೆಲ್ಲ ಅದನ್ನು ಅಂಟಿಸಿದ ಬೋರ್ಡು ಕಂಡರೆ ಜೇಬಿನಲ್ಲಿರುವ ಪೆನ್ನಿಗೆ ಕೈ ಹೋಗುತ್ತದೆ. ಈ ಸಂಕಟಕ್ಕೆ ಬ್ರಿಟನ್ನಿನಲ್ಲಿ ಒಂದು ಸಂಘವೇ ಇತ್ತು. ಪತ್ರಿಕೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ರಕ್ಷಣಾ ಸಂಘ ಕಟ್ಟಿದರು. 2019ರಲ್ಲಿ, ತೊಂಬತ್ತಾರನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನವೇ ಗೆದ್ದವು ಅಂತ ಹೇಳಿ ಬಾಗಿಲು ಹಾಕಿದರು. ಆ ಸುದ್ದಿ ಓದಿದ ದಿನ ಮನೆಯವರ ಹತ್ತಿರ ಹೇಳಿಕೊಂಡರೆ ಯಾರಿಗೂ ಅದು ದುಃಖದ ವಿಷಯ ಅನ್ನಿಸಲೇ ಇಲ್ಲ.

ಸರಿ, ಈಗ ತಕರಾರು. ಈ ತಂತ್ರಾಂಶ ತಪ್ಪಿಗೂ ಹಸಿರು ಗೆರೆ ಎಳೆಯುತ್ತದೆ, ಮೂಢನಂಬಿಕೆಗೂ ಅದೇ ಹಸಿರು ಗೆರೆ ಎಳೆಯುತ್ತದೆ. ಪಕ್ಕದಲ್ಲಿ 'ಯಾಕೆ?' ಅನ್ನುವ ಗುಂಡಿ ಇದೆ. ಒತ್ತಿದರೆ ಪ್ರತಿ ಸಲವೂ ಒಂದೇ ಉತ್ತರ: ಹೀಗೆ ಬದಲಿಸಿದರೆ ಬರವಣಿಗೆ ಸ್ಪಷ್ಟವಾಗುತ್ತದೆ. ಅದು ಕಾರಣ ಅಲ್ಲ, ಸುಮ್ನೆ ಸಮಾಧಾನ.

ವಾಕ್ಯದ ಕೊನೆಯಲ್ಲಿ 'ವಿತ್', 'ಫ್ರಮ್' ಥರದ ಪದ ಬಂದರೆ ಗೆರೆ ಬೀಳುತ್ತದೆ. ನಿಜ ಹೇಳಬೇಕೆಂದರೆ ನಾನೂ ವರ್ಷಗಟ್ಟಲೆ ಹಾಗೇ ಗೆರೆ ಎಳೆದವಳು. ಈ ತಂತ್ರಾಂಶ ಕಾರಣ ಹೇಳಲಿಲ್ಲವಲ್ಲ, ಆ ಹಟಕ್ಕೆ ನಾನೇ ಹುಡುಕಿದೆ. 1672ರಲ್ಲಿ ಕವಿ ಜಾನ್ ಡ್ರೈಡನ್, ಆಗಲೇ ತೀರಿಹೋಗಿದ್ದ ನಾಟಕಕಾರ ಬೆನ್ ಜಾನ್ಸನ್ ಅವರ ಒಂದು ಸಾಲು 'ಫ್ರಮ್' ಅಂತ ಮುಗಿಯುತ್ತದೆ ಎಂದು ಆಕ್ಷೇಪ ಎತ್ತಿದರು. ಅಷ್ಟಕ್ಕೇ ನಿಲ್ಲಲಿಲ್ಲ. ತಮ್ಮದೇ ಹಳೆಯ ಪ್ರಬಂಧವೊಂದನ್ನು ಮತ್ತೆ ಅಚ್ಚು ಹಾಕಿಸುವಾಗ ಅಂಥ ವಾಕ್ಯಗಳನ್ನು ಹುಡುಕಿ ಹುಡುಕಿ ತಿದ್ದಿದರು. ಒಬ್ಬ ಕವಿಗೆ ಹಿಡಿಸದ್ದು ಮುನ್ನೂರೈವತ್ತು ವರ್ಷ ಕಳೆದ ಮೇಲೆ ನನ್ನ ಪರದೆಯಲ್ಲಿ ಹಸಿರು ಗೆರೆಯಾಗಿ ಕೂತಿದೆ!

ಇನ್ಫಿನಿಟಿವ್ ಒಡೆಯಬಾರದು ಅನ್ನುವುದು ಇನ್ನೊಂದು. ಅಂದರೆ 'ಟು' ಮತ್ತು ಕ್ರಿಯಾಪದದ ನಡುವೆ ಏನನ್ನೂ ತುರುಕಬಾರದು. 1864ರಲ್ಲಿ ಹೆನ್ರಿ ಆಲ್ಫರ್ಡ್ ಎಂಬ ಪಾದ್ರಿ ಇದರ ವಿರುದ್ಧ ಬರೆದರು. ಲ್ಯಾಟಿನ್‌ನಲ್ಲಿ ಅದು ಒಂದೇ ಪದ, ಒಡೆಯಲು ಬರುವುದಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೂ ಒಡೆಯಬಾರದು ಅಂತ ವಾದಿಸುವವರಿದ್ದಾರೆ. ಕನ್ನಡದ 'ತೆರೆಯಲು' ಕೂಡ ಒಂದೇ ಪದ. ಅದಕ್ಕೂ ಇಂಗ್ಲಿಷಿಗೂ ಏನು ಸಂಬಂಧ? ನನ್ನ ಕೈಪಿಡಿಯಲ್ಲಿ 'ಬಿ ರೆಡಿ ಟು ಸ್ಲೋಲಿ ರಿಲೀಸ್ ದ ಪ್ರೆಷರ್' ಅಂತ ಇತ್ತು. ಒತ್ತಡವನ್ನು ನಿಧಾನವಾಗಿ ಬಿಡಲು ಸಿದ್ಧರಾಗಿರಿ ಅಂತ ಅರ್ಥ. ತಂತ್ರಾಂಶ 'ಸ್ಲೋಲಿ'ಯನ್ನು ಎತ್ತಿ 'ಟು'ವಿಗಿಂತ ಮುಂಚೆ ಕೂರಿಸಿತು. ಈಗ ನಿಧಾನವಾಗಿ ಆಗಬೇಕಾದದ್ದು ಸಿದ್ಧತೆ. ಒತ್ತಡ ಹೇಗೆ ಬೇಕಾದರೂ ಹೋಗಲಿ!

'ದೇ'ಯನ್ನು ಒಬ್ಬ ವ್ಯಕ್ತಿಗೆ ಬಳಸಿದರೂ ಗೆರೆ. ಈ ಬಳಕೆಯ ಗುರುತು ಹದಿನಾಲ್ಕನೇ ಶತಮಾನದಲ್ಲೇ ಸಿಗುತ್ತದೆ. 'ಅವರು ಬಂದರು' ಅಂತ ಒಬ್ಬರ ಬಗ್ಗೆ ಹೇಳಿಕೊಂಡೇ ಬೆಳೆದ ನಮಗೆ ಇದರಲ್ಲಿ ಜಗಳ ಮಾಡುವಂಥದ್ದೇನಿದೆ ಅಂತ ಅರ್ಥವಾಗುವುದೇ ಕಷ್ಟ, ಅಲ್ವಾ?

ನಿಜವಾಗಿ ಜಗಳ ಆಡಬೇಕಾದ ಕಡೆ ಇದು ಸುಮ್ಮನಿರುತ್ತದೆ. ಪಟ್ಟಿಯಲ್ಲಿ ಕೊನೆಯ 'ಆರ್' ಅಥವಾ 'ಆಂಡ್' ಮುಂಚೆ ಬರುವ ಆಕ್ಸ್‌ಫರ್ಡ್ ಕಾಮಾ ತಗೊಳ್ಳಿ. 'ಬೇಕು', 'ಬೇಡ' ಅಂತ ಎರಡು ಆಯ್ಕೆ ಅಷ್ಟೇ. ಅಮೆರಿಕದ ಮೇನ್ ರಾಜ್ಯದಲ್ಲಿ ಈ ಕಾಮಾ ಕೋರ್ಟು ಹತ್ತಿತ್ತು. ಯಾವ ಯಾವ ಕೆಲಸಕ್ಕೆ ಓವರ್‌ಟೈಮ್ ಹಣ ಕೊಡಬೇಕಿಲ್ಲ ಅಂತ ಕಾನೂನಿನಲ್ಲಿ ಪಟ್ಟಿ ಇತ್ತು. ಅದರ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತ, ನಡುವೆ ಕಾಮಾ ಇಲ್ಲದೆ. ವಿತರಣೆ ಬೇರೆ ಕೆಲಸವೋ, ವಿತರಣೆಗಾಗಿ ಪ್ಯಾಕ್ ಮಾಡುವುದು ಅಂತಲೋ? ಓಕ್‌ಹರ್ಸ್ಟ್ ಡೈರಿಯ ಹಾಲಿನ ಲಾರಿ ಚಾಲಕರು ಹಾಲು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕಡೆ ತೀರ್ಪು ಕೊಟ್ಟಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ತೀರ್ಪು ಬಂದ ಮೇಲೆ ಶಾಸಕರು ಆ ಪಟ್ಟಿಗೆ ಸೆಮಿಕೋಲನ್‌ಗಳನ್ನು ಹಾಕಿ ತಿದ್ದಿದರು. ಇಂಥ ಪಟ್ಟಿ ಕಂಡಾಗ 'ಇದಕ್ಕೆ ಎರಡು ಅರ್ಥ ಬರುತ್ತದೆ, ಒಮ್ಮೆ ನೋಡಿ' ಅಂದರೆ ಸಾಕು ನನಗೆ. ಅದನ್ನು ಮಾತ್ರ ಇದು ಹೇಳುವುದಿಲ್ಲ.

ಇನ್ನೊಂದು ಉದಾಹರಣೆ. 'ವೈಲ್ ರನ್ನಿಂಗ್, ಡು ನಾಟ್ ಟಚ್ ದ ಫ್ಯಾನ್.' ಓಡುತ್ತಿರುವುದು ಫ್ಯಾನೋ, ಓದುಗರೋ? 'ಓಡುವಾಗ ಫ್ಯಾನ್ ಮುಟ್ಟಬೇಡಿ' ಅಂತ ಕನ್ನಡಕ್ಕೆ ತಂದರೂ ಅದೇ ಗೊಂದಲ. ತಂತ್ರಾಂಶ ಈ ವಾಕ್ಯಕ್ಕೆ 100 ಅಂಕ ಕೊಟ್ಟಿತು, ಜೊತೆಗೆ ನಗುವ ಮುಖದ ಚಿತ್ರ.

ಸೆಟ್ಟಿಂಗ್ ಬಗ್ಗೆಯೂ ಹೇಳಬೇಕು. ಬ್ರಿಟಿಷ್ ಅಥವಾ ಅಮೆರಿಕನ್ ಅಂತ ಆರಿಸಬಹುದು, ಆದರೆ ಅದು ಇಡೀ ಖಾತೆಗೆ, ಒಂದೊಂದು ಫೈಲಿಗೆ ಬೇರೆ ಬೇರೆ ಅಲ್ಲ. ನನ್ನ ಕೈಪಿಡಿಗಳು ಎರಡೂ ಕಡೆ ಹೋಗುತ್ತವೆ. ಅಮೆರಿಕದ ಪದ್ಧತಿಯಲ್ಲಿ ಫುಲ್‌ಸ್ಟಾಪ್ ಉದ್ಧರಣ ಚಿಹ್ನೆಯ ಒಳಗೆ ಬರಬೇಕು, ಬ್ರಿಟಿಷ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಅರ್ಥ ನೋಡಿಕೊಂಡು ಒಳಗೋ ಹೊರಗೋ. ಕಥೆ ಕಾದಂಬರಿಗೆ ಯಾವುದಾದರೂ ಸರಿ. ಕೈಪಿಡಿಯಲ್ಲಿ ಪಾಸ್‌ವರ್ಡ್ ಬರೆಯುವಾಗ ಚುಕ್ಕಿ ಒಳಗೆ ಹೋದರೆ? ನಮ್ಮ ಗ್ರಾಹಕರೊಬ್ಬರು ಚುಕ್ಕಿಯನ್ನೂ ಸೇರಿಸಿ ಟೈಪ್ ಮಾಡಿ, ಯಂತ್ರ ತೆರೆಯುತ್ತಿಲ್ಲ ಅಂತ ಮೂರು ಸಲ ಫೋನ್ ಮಾಡಿದ್ದರು. ಅವರದ್ದೇನೂ ತಪ್ಪಿಲ್ಲ.

ಬೇಡದ ನಿಯಮಗಳನ್ನು ಒಂದೊಂದಾಗಿ ಆಫ್ ಮಾಡಬಹುದು. ಆ ಪುಟ ಮೂರು ಮೆನು ಒಳಗೆ ಅಡಗಿದೆ. ನಾನು ಹನ್ನೊಂದನ್ನು ಆಫ್ ಮಾಡಿದೆ. ಮುಂದಿನ ಅಪ್‌ಡೇಟ್‌ಗೆ ಹನ್ನೊಂದೂ ಎದ್ದು ಕೂತವು. ಮತ್ತೆ ಆಫ್ ಮಾಡಿದೆ.

ಹೈಫನ್ ವಿಷಯದಲ್ಲಿ ಮಾತ್ರ ಪೂರ್ತಿ ಬೈಯಲಾರೆ. ಷಾರ್ಟರ್ ಆಕ್ಸ್‌ಫರ್ಡ್ ನಿಘಂಟೇ 2007ರ ಆವೃತ್ತಿಯಲ್ಲಿ ಸುಮಾರು 16,000 ಪದಗಳ ಹೈಫನ್ ಕಿತ್ತುಹಾಕಿದೆ. ಗಾಳಿ ಆ ಕಡೆಗೇ ಇದೆ. ಆದರೆ ಅರ್ಥ ಬದಲಾಗುವ ಕಡೆ ಒಂದು ಮಾತು ಕೇಳಬಾರದೇ?

ಐದರಲ್ಲಿ ಮೂರು ನಕ್ಷತ್ರ. ಎರಡು ಆ ಇಟ್ಸ್‌ಗಳಿಗೆ, ಒಂದು ಮುಚ್ಚದ ಬ್ರಾಕೆಟ್‌ಗಳಿಗೆ. ಕೊನೆಯ ಸಲ ಕಣ್ಣಾಡಿಸಲು ಮಾತ್ರ ಬಳಸಿ. ಎಲ್ಲವನ್ನೂ ಒಪ್ಪುವ ಆ ದೊಡ್ಡ ನೀಲಿ ಗುಂಡಿಯನ್ನು ಮುಟ್ಟಲೇಬೇಡಿ. ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವವರಿಗೆ ಇದನ್ನು ಹೇಳಲಾರೆ. ಯಾವ ಗೆರೆ ನಿಜ, ಯಾವುದು ಡ್ರೈಡನ್ನರ ಕಾಟ ಅಂತ ಅವರಿಗೆ ತಿಳಿಯುವುದಾದರೂ ಹೇಗೆ?

ಆ ಮೇಲ್ ಗಲಾಟೆ ಆದ ದಿನವೇ 'ಮತ್ತೆ ಸಹಿ' ಪದವನ್ನು ಹೈಫನ್ ಸಮೇತ ನಮ್ಮ ತಂಡದ ಪದಪಟ್ಟಿಗೆ ಸೇರಿಸಿದ್ದೆ, ಇನ್ನು ಯಾರ ಬರಹದಲ್ಲೂ ಅದನ್ನು ಮುಟ್ಟಬಾರದು ಅಂತ. ಕಳೆದ ತಿಂಗಳು ಅವತ್ತು ಮೇಜಿನ ಪಕ್ಕ ಬಂದು ನಿಂತಿದ್ದ ಹುಡುಗ ನಿಜವಾಗಿಯೂ ರಾಜೀನಾಮೆ ಪತ್ರ ಕಳಿಸಿದ. ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿದೆ. ಪತ್ರದಲ್ಲಿ 'ರಿ' ಆದ ಮೇಲೆ ಒಂದು ಹೈಫನ್ ಇತ್ತು. ನಾನೂ ತಿದ್ದಲಿಲ್ಲ.