ಗೋವಿನಜೋಳಕ್ಕೆ ಮೋಹಕ ಬಲೆ: ಕೆಲವು ಮುಂಗಾರು ಬಳಸಿದ ಮೇಲೆ

"ಇದನ್ನ ಹಾಕಿದ್ರೆ ಹುಳ ಸಾಯುತ್ತಾ?" ಬಲೆ ನೋಡಿದವರೆಲ್ಲ ಕೇಳೋದು ಇದೇ. ಸಾಯುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ದುಡ್ಡು ದಂಡ ಆಯ್ತು ಅನ್ನಬೇಡಿ.

ನಮ್ಮದು ರಾಣೆಬೆನ್ನೂರು ಕಡೆಯ ಮಳೆಯಾಶ್ರಿತ ಗೋವಿನಜೋಳ. ಇದರ ಸುಳಿ ತಿನ್ನುವ ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ದೇಶದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ಪಕ್ಕದ ಶಿವಮೊಗ್ಗದಲ್ಲೇ. ನಮ್ಮ ಹೊಲಕ್ಕೆ ಬರೋಕೆ ಜಾಸ್ತಿ ದಿನ ಬೇಕಾಗಲಿಲ್ಲ. ಆಗ ಊರಲ್ಲಿ ಎಲ್ಲರೂ ಅಂಗಡಿಯವರು ಹೇಳಿದ ಔಷಧಿಯನ್ನು ಹೇಳಿದಷ್ಟು ಸಲ ಹೊಡೆದರು. ನಾನು ಬಲೆ ತಂದೆ. ಇವತ್ತಿಗೂ ಮುಂಗಾರು ಬಂತೆಂದರೆ ಕೋಲಿಗೆ ಕಟ್ಟುತ್ತೇನೆ.

ಬಲೆ ತೀರಾ ಸರಳ. ಮೇಲೊಂದು ಮುಚ್ಚಳ, ನಡುವೆ ಪ್ಲಾಸ್ಟಿಕ್ ಆಲಿಕೆ, ಕೆಳಗೆ ಉದ್ದನೆಯ ಪಾಲಿಥಿನ್ ಚೀಲ. ಮುಚ್ಚಳದ ಕೆಳಗೆ ಸಿಕ್ಕಿಸುವ ರಬ್ಬರ್ ಬಿರಡೆಯೇ ಲೂರ್. ಈ ಹುಳವೇ ಬೆಳೆದು ಪತಂಗವಾಗೋದು, ಲೂರ್‌ನಲ್ಲಿ ಅದರ ಹೆಣ್ಣಿನ ವಾಸನೆ ಇರುತ್ತದೆ. ಹಾಗಾಗಿ ಬೀಳೋದು ಗಂಡು ಮಾತ್ರ. ಹೊರಗೆ ಉಳಿದ ಒಂದೇ ಹೆಣ್ಣು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಎಕರೆಗೆ ನಾಲ್ಕೈದು ಬಲೆ ಹಾಕಿ ಹುಳದ ಸಂತಾನ ನಿಲ್ಲಿಸುತ್ತೇನೆ ಅನ್ನೋದು ಸುಮ್ನೆ ಮಾತು.

ಮತ್ತೆ ಯಾಕೆ ಹಾಕೋದು? ಹೊಲಕ್ಕೆ ಯಾವಾಗ ಇಳಿಯಬೇಕು ಅಂತ ಗೊತ್ತಾಗೋಕೆ. ಮೊಟ್ಟೆ ಎರಡು ಮೂರು ದಿನದಲ್ಲಿ ಒಡೆಯುತ್ತದೆ. ಮರಿಹುಳ ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ಎಲೆ ಮೇಲೆ ಬಿಳಿ ಪೊರೆಯ ಕಲೆಗಳು ಉಳಿಯುತ್ತವೆ. ಆಗ ಹೊಡೆದರೆ ಔಷಧಿ ಕೆಲಸ ಮಾಡುತ್ತದೆ. ಹುಳ ಬಲಿತು ಸುಳಿ ಸೇರಿತೋ, ಮರದ ಹೊಟ್ಟಿನಂಥ ಹಿಕ್ಕೆಯೇ ಅದಕ್ಕೆ ಬಾಗಿಲಾಗುತ್ತದೆ. ಮೇಲೆ ಎಷ್ಟು ಸುರಿದರೂ ಒಳಗೆ ಇಳಿಯಲ್ಲ. ಚೀಲದಲ್ಲಿ ಪತಂಗ ಕಂಡ ಕೂಡಲೇ ನಾನು ಸಾಲು ಸುತ್ತೋಕೆ ಶುರು ಮಾಡುತ್ತೇನೆ. ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡೋದು. ನೂರರಲ್ಲಿ ಐದಕ್ಕೆ ತಗುಲಿದ್ದರೆ ಲೀಟರ್ ನೀರಿಗೆ 0.4 ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ (5 ಎಸ್‌ಜಿ), ಸಂಜೆ ಹೊತ್ತು, ನಾಝಲ್ ನೇರ ಸುಳಿಗೆ. ಇಲ್ಲದಿದ್ದರೆ ಪಂಪು ಕೊಟ್ಟಿಗೆಯಲ್ಲೇ ಇರುತ್ತದೆ. ಹೀಗೆ ಉಳಿದ ಒಂದು ಸಿಂಪಡಣೆಯ ಖರ್ಚಿನಲ್ಲೇ ಬಲೆಯ ದುಡ್ಡು ವಾಪಸ್.

ಈಗ ತಕರಾರು. ಮಳೆಗಾಲಕ್ಕೆ ಮಾಡಿದ ವಸ್ತು, ಆದರೆ ಚೀಲದಲ್ಲಿ ನೀರು ನಿಲ್ಲುತ್ತದೆ! ಪತಂಗಗಳು ಕೊಳೆತು ಅಂಬಲಿಯಾಗುತ್ತವೆ, ವಾಸನೆ ಬೇರೆ. ಗಂಡಿನ ಮುಂದಿನ ರೆಕ್ಕೆಯ ತುದಿಯಲ್ಲಿ ಬಿಳಿ ಮಚ್ಚೆ ಇರುತ್ತದೆ. ನೆನೆದು ಪುಡಿಯಾದ ಮೇಲೆ ಅದನ್ನೆಲ್ಲಿ ಹುಡುಕೋದು? ಬೇರೆ ಜಾತಿಯ ಪತಂಗಗಳೂ ಒಂದೊಂದು ಬೀಳುತ್ತವೆ, ಗುರುತು ಸಿಗದಿದ್ದರೆ ಲೆಕ್ಕ ತಪ್ಪುತ್ತದೆ. ಚೀಲದ ತಳಕ್ಕೆ ಸೂಜಿಯಲ್ಲಿ ಚುಚ್ಚಿ, ದಿನ ಬಿಟ್ಟು ದಿನ ಖಾಲಿ ಮಾಡಿ. ತೂತನ್ನು ತಯಾರಿಸುವವರೇ ಮಾಡಿ ಕೊಡಬಹುದಿತ್ತು, ಅಲ್ವಾ?

ಲೂರ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಒಂದು ವರ್ಷ ಅಂಗಡಿಯವರು "ಎಲ್ಲಾ ಒಂದೇ" ಅಂತ ತಂಬಾಕು ಹುಳುವಿನ ಲೂರ್ ಕೊಟ್ಟಿದ್ದರು. ಸುಳಿಯಲ್ಲಿ ಹುಳ ತುಂಬಿತ್ತು, ಬಲೆ ಹೇಳಿದ್ದು ಏನೂ ಇಲ್ಲ ಅಂತ. ಪ್ಯಾಕೆಟ್ ಮೇಲೆ ನಮ್ಮ ಹುಳುವಿನ ಶಾಸ್ತ್ರೀಯ ಹೆಸರು 'ಸ್ಪೊಡಾಪ್ಟೆರಾ ಫ್ರುಜಿಪರ್ಡ' ಅಂತಲೇ ಇರಬೇಕು. 'ಲಿಟುರ' ಅಂತಿದ್ದರೆ ಅದು ತಂಬಾಕು ಹುಳುವಿನದು, ವಾಪಸ್ ಕೊಡಿ. ತಯಾರಾದ ದಿನಾಂಕ ನೋಡಿ, ಕಟ್ಟುವವರೆಗೆ ಫ್ರಿಜ್‌ನಲ್ಲಿಡಿ, ತಿಂಗಳಿಗೊಮ್ಮೆ ಬದಲಿಸಿ. ಬಲೆ ವರ್ಷಗಟ್ಟಲೆ ಬರುತ್ತದೆ, ಖರ್ಚೆಲ್ಲ ಲೂರ್‌ಗೇ.

ಕಳೆಗೂ ಬಲೆಗೂ ಏನು ಸಂಬಂಧ ಅನ್ನಬಹುದು. ಸಾಲಿನ ತುಂಬ ಕಳೆ ಇದ್ದರೆ ಸುಳಿ ನೋಡೋಕೆ ಯಾರೂ ಒಳಗೆ ಹೋಗಲ್ಲ, ಅಷ್ಟೇ. ಬಿತ್ತಿದ ಮೂರು ದಿನದೊಳಗೆ, ನೆಲ ಹಸಿ ಇರುವಾಗ, ಅಟ್ರಜಿನ್ ಕಳೆನಾಶಕ ಹೊಡೆಯುತ್ತೇವೆ. ನಡುವೆ ತೊಗರಿ ಅಕ್ಕಡಿ ಇರುವ ಕಡೆ ಅದು ಬೇಡವೇ ಬೇಡ, ತೊಗರಿ ಸುಟ್ಟುಹೋಗುತ್ತದೆ. ಅಲ್ಲಿಗೆ ಪೆಂಡಿಮೆಥಾಲಿನ್. ಆಮೇಲೆ ಎಡೆಕುಂಟೆ. ಬಲೆಯ ಕೋಲನ್ನು ಗಿಡದ ಸಾಲಲ್ಲೇ ನೆಡಿ. ಎರಡು ಸಾಲಿನ ನಡುವೆ ನೆಟ್ಟರೆ ಎತ್ತಿನ ಕಾಲಿಗೆ ಹೋಗುತ್ತದೆ. ಪೈರು ಎದ್ದ ಹಾಗೆ ಬಲೆಯನ್ನೂ ಏರಿಸಿ, ಪೈರಿಗಿಂತ ಒಂದಡಿ ಮೇಲಿರಲಿ.

ನನ್ನ ಕಡೆಯಿಂದ ಬಲೆಗೆ ಐದಕ್ಕೆ ನಾಲ್ಕು. ದಿನಾ ನೋಡುವ ಪುರುಸೊತ್ತು ಇಲ್ಲದವರಿಗೆ ಎರಡೂ ಇಲ್ಲ, ತರಲೇಬೇಡಿ.

ದನಕ್ಕೆ ಹಸಿ ಮೇವು ಕೊಯ್ಯುವವರಿಗೆ ಇನ್ನೊಂದು ಮಾತು. ಔಷಧಿ ಹೊಡೆದ ಸಾಲಿಂದ, ಲೇಬಲ್ ಹೇಳಿದಷ್ಟು ದಿನ ಕಳೆಯುವವರೆಗೆ ಕೊಯ್ಯಬೇಡಿ. ನಾವು ಮೇವಿಗೆಂದೇ ಬದುವಿನ ಪಕ್ಕ ನಾಲ್ಕು ಸಾಲು ಬಿಡುತ್ತೇವೆ. ಅಲ್ಲಿ ಹುಳ ಕಂಡರೆ ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ ಕಲಸಿ, ಚಿಟಿಕೆ ಚಿಟಿಕೆ ಸುಳಿಗೆ ಹಾಕೋದು. ಬರಿಗೈಯಲ್ಲಿ ಮಾತ್ರ ಬೇಡ, ಸುಣ್ಣ ಸುಡುತ್ತದೆ.